ಮೂವತ್ತು ಅಧ್ಯಾಯ ದಾಟಿದ ಮೇಲೂ ಪಾತ್ರ ಅದೇ ಪಾತ್ರವಾಗಿ ಉಳಿಯುವುದು ಹೇಗೆ?

ಮುಂಗಾರು:
ಮೂರು ತಲೆಮಾರುಗಳ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಈಗ 31ನೆಯ ಅಧ್ಯಾಯ ಮುಗಿದಿದೆ. ಮುಖ್ಯ ಪಾತ್ರದ ಹೆಸರು ವಸುಧಾ. ಮೊದಲ ಭಾಗದಲ್ಲಿ ಅವಳು ತಂದೆಯ ಎದುರು ದನಿಯೆತ್ತಿದವಳಲ್ಲ. ಅಣ್ಣ ಏನು ಹೇಳಿದರೂ ತಲೆಯಾಡಿಸುತ್ತಾಳೆ. ಮನೆಯ ಲೆಕ್ಕಪತ್ರ ಮಾತ್ರ ಅವಳ ಕೈಯಲ್ಲಿದೆ. 31ರಲ್ಲಿ ಆಸ್ತಿ ಪಾಲಿಗೆಂದು ಎಲ್ಲರೂ ಸೇರಿದಾಗ ಎದ್ದು ನಿಂತು ಅಣ್ಣನ ಮೇಲೆ ಹರಿಹಾಯುತ್ತಾಳೆ. ಕರಡು ಓದಿದ ಗೆಳತಿ ಆ ಪುಟದ ಅಂಚಿನಲ್ಲಿ ‘ಇವಳು ವಸುಧಾ ಅಲ್ಲ’ ಎಂದು ಬರೆದುಕೊಟ್ಟಿದ್ದಾಳೆ.

ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಮೊದಲ ಭಾಗಕ್ಕೂ ಈ ದೃಶ್ಯಕ್ಕೂ ನಡುವೆ ಕಥೆಯೊಳಗೆ 22 ವರ್ಷ ಕಳೆದಿದೆ. ಅಷ್ಟು ಕಾಲದಲ್ಲಿ ಮನುಷ್ಯರು ಬದಲಾಗುವುದಿಲ್ಲವೇ? ಪಾತ್ರ ಬೆಳೆದಿದೆ ಎನ್ನುವುದಕ್ಕೂ ಪಾತ್ರ ಕೈತಪ್ಪಿದೆ ಎನ್ನುವುದಕ್ಕೂ ನಡುವಿನ ಗೆರೆಯನ್ನು ನೀವು ಹೇಗೆ ಗುರುತಿಸುತ್ತೀರಿ? ಜೊತೆಗೆ ವಯಸ್ಸು, ನಂಟು, ಮೈಕಟ್ಟು ಇಂಥವನ್ನೆಲ್ಲ ಇಷ್ಟು ದೊಡ್ಡ ಕಥೆಯಲ್ಲಿ ತಪ್ಪದಂತೆ ಹಿಡಿದಿಡಲು ಏನು ಮಾಡುತ್ತೀರಿ?

ಬೆರಳಚ್ಚು:
ಪಾತ್ರಕ್ಕೊಂದು ಪುಟ ಮಾಡಿಡಿ. ಹೆಸರು, ಹುಟ್ಟಿದ ವರ್ಷ, ರೂಪ, ಉದ್ಯೋಗ, ಇಷ್ಟಾನಿಷ್ಟ ಎಲ್ಲವೂ ಅದರಲ್ಲಿರಲಿ. ಬರೆಯಲು ಕೂರುವ ಮುನ್ನ ಒಮ್ಮೆ ಓದಿಕೊಳ್ಳಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ನಡುಹಗಲು:
ಬೆರಳಚ್ಚು ಅವರೇ, ಪುಟ ಇರಲಿ, ಇಷ್ಟಾನಿಷ್ಟದ ಪಟ್ಟಿ ಬೇಡ. ‘ನಿಮ್ಮ ಪಾತ್ರಕ್ಕೆ ಇಷ್ಟವಾದ ಬಣ್ಣ ಯಾವುದು, ಯಾವುದಕ್ಕೆ ಹೆದರುತ್ತದೆ’ ಎಂದು ಕೇಳುವ ಉದ್ದುದ್ದದ ಪ್ರಶ್ನಾವಳಿಗಳು ಎಲ್ಲೆಡೆ ಸಿಗುತ್ತವೆ. ಅವನ್ನು ತುಂಬಿಸಿಟ್ಟವರು ಕಥೆಯೊಳಗೆ ಆ ಬಣ್ಣವನ್ನು ಎಲ್ಲಾದರೂ ತುರುಕಲೇಬೇಕೆಂದು ಹಟ ಹಿಡಿಯುತ್ತಾರೆ.

ನಾನು ಟಿಪ್ಪಣಿ ಮಾಡಿಕೊಳ್ಳುವುದು ಬರೆದ ಮೇಲೆ. ಅಧ್ಯಾಯ ಮುಗಿದ ಕೂಡಲೇ ಅದರಲ್ಲಿ ಓದುಗನಿಗೆ ಏನೇನು ಹೇಳಿಬಿಟ್ಟಿದ್ದೇನೋ ಅದನ್ನಷ್ಟೇ ಅಧ್ಯಾಯದ ಸಂಖ್ಯೆಯ ಸಮೇತ ಬರೆದಿಡುತ್ತೇನೆ. ‘ಎಡಗೈ ಬಳಸುತ್ತಾನೆ – 4’, ‘ಈಜು ಬರುವುದಿಲ್ಲ ಎಂದ – 9’. ತಲೆಯಲ್ಲಿ ಇದ್ದು ಪುಟಕ್ಕೆ ಬಾರದ ಸಂಗತಿಗೆ ನಾವು ಕಟ್ಟುಬಿದ್ದಿಲ್ಲ. ಪುಟಕ್ಕೆ ಬಂದದ್ದಕ್ಕೆ ಮಾತ್ರ ಕಟ್ಟುಬಿದ್ದಿದ್ದೇವೆ.

ಹಳೆಯ ಓದುಗ:
ಇಷ್ಟು ಚಿಂತೆ ಬೇಡ ಎಂದೇ ನನ್ನ ಅನಿಸಿಕೆ. ಷರ್ಲಾಕ್ ಹೋಮ್ಸ್ ಕಥೆಗಳ ವಾಟ್ಸನ್‌ನನ್ನೇ ನೋಡಿ. 1887ರ ಮೊದಲ ಕಾದಂಬರಿಯಲ್ಲಿ ಯುದ್ಧದ ಗುಂಡು ಅವನ ಭುಜಕ್ಕೆ ತಗುಲಿತ್ತು. 1890ರ ಎರಡನೆಯದರಲ್ಲಿ ಗಾಯ ಕಾಲಿನಲ್ಲಿದೆ. ಅವನ ಹೆಸರು ಜಾನ್. 1891ರ ಒಂದು ಕಥೆಯಲ್ಲಿ ಹೆಂಡತಿಯೇ ಅವನನ್ನು ‘ಜೇಮ್ಸ್’ ಎಂದು ಕರೆಯುತ್ತಾಳೆ. ಇನ್ನೂ ಹಿಂದೆ ಹೋದರೆ, ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಐದನೆಯ ಸರ್ಗದಲ್ಲಿ ಸತ್ತ ಪೈಲಮೆನೀಸ್ ಎಂಬ ಅರಸ ಹದಿಮೂರನೆಯ ಸರ್ಗದಲ್ಲಿ ತನ್ನ ಮಗನ ಶವದ ಹಿಂದೆ ಅಳುತ್ತ ನಡೆಯುತ್ತಾನೆ. ಆ ಕೃತಿಗಳನ್ನು ಯಾರು ಕೈಬಿಟ್ಟರು? ಕಥೆ ಓದಿಸಿಕೊಂಡು ಹೋದರೆ ಓದುಗರು ಇಂಥವನ್ನು ಮನ್ನಿಸುತ್ತಾರೆ.

ಕರಡು ತಿದ್ದುವವಳು:
ಹಳೆಯ ಓದುಗ ಅವರೇ, ನೀವು ಕೊಟ್ಟ ಉದಾಹರಣೆಗಳಲ್ಲೇ ನನ್ನ ಉತ್ತರವಿದೆ. ವಾಟ್ಸನ್‌ನ ಗಾಯ ಊರೆಲ್ಲ ಅಲೆದರೂ ವಾಟ್ಸನ್‌ನ ಸ್ವಭಾವ ಅಲೆಯಲಿಲ್ಲ. ಗೆಳೆಯನ ಬುದ್ಧಿಗೆ ಬೆರಗಾಗುವುದು, ಅವನ ದುಶ್ಚಟಕ್ಕೆ ನೊಂದುಕೊಳ್ಳುವುದು, ಕರೆದ ಕ್ಷಣಕ್ಕೆ ಕೋವಿ ಹಿಡಿದು ಹೊರಡುವುದು ಕೊನೆಯವರೆಗೂ ಒಂದೇ ತೆರನಾಗಿವೆ. ಆದ್ದರಿಂದಲೇ ಜನ ಗಾಯವನ್ನು ಮನ್ನಿಸಿದರು. ಅದೇ ವಾಟ್ಸನ್ ಒಂದು ಕಥೆಯಲ್ಲಿ ಗೆಳೆಯನ ಗುಟ್ಟನ್ನು ಹಣಕ್ಕಾಗಿ ಹೊರಗೆಡಹಿದ್ದರೆ, ಭುಜದ ಗಾಯ ಎಷ್ಟೇ ಸರಿಯಾಗಿದ್ದರೂ ಓದುಗರು ಪುಸ್ತಕ ಮುಚ್ಚಿಡುತ್ತಿದ್ದರು.

ಅಂದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು ವಿವರ, ಇನ್ನೊಂದು ಸ್ವಭಾವ. ವಿವರಕ್ಕೆ ಟಿಪ್ಪಣಿ ಸಾಕು. ಸ್ವಭಾವಕ್ಕೆ ಟಿಪ್ಪಣಿ ಸಾಲದು.

ಆದರೆ ವಿವರವನ್ನೂ ಹಗುರವಾಗಿ ಕಾಣಬೇಡಿ. ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಎಡವುವುದು ವಯಸ್ಸಿನಲ್ಲಿ. ಮೊದಲ ಅಧ್ಯಾಯದಲ್ಲಿ ಅಕ್ಕನಿಗೆ 12, ತಮ್ಮನಿಗೆ 9. ಮೂರನೆಯ ಭಾಗದಲ್ಲಿ ಅಕ್ಕನಿಗೆ 40 ತುಂಬಿದಾಗ ತಮ್ಮನಿಗೆ 35! ಲೇಖಕರು ಪ್ರತಿ ಬಾರಿ ವಯಸ್ಸನ್ನು ನೆನಪಿನಿಂದ ಬರೆಯುವುದರಿಂದ ಹೀಗಾಗುತ್ತದೆ. ವಯಸ್ಸು ಬರೆದಿಡಬೇಡಿ, ಹುಟ್ಟಿದ ವರ್ಷ ಬರೆದಿಡಿ. ಪ್ರತಿ ಅಧ್ಯಾಯದ ತಲೆಗೆ ಕಥೆಯ ವರ್ಷ ಹಾಕಿ. ಆಮೇಲೆ ಕಳೆದರೆ ಮುಗಿಯಿತು.

ಎರಡನೆಯ ಸ್ಥಾನ ನಂಟಿನ ಪದಗಳದ್ದು. ಎರಡನೆಯ ಅಧ್ಯಾಯದಲ್ಲಿ ‘ಚಿಕ್ಕಪ್ಪ’ ಎಂದು ಕರೆಸಿಕೊಂಡವನು ಹದಿನೆಂಟರಲ್ಲಿ ಮನೆಯ ಹಿರಿಮಗನಾಗಿಬಿಟ್ಟರೆ ಕನ್ನಡದ ಓದುಗ ಅಲ್ಲಿಯೇ ನಿಲ್ಲುತ್ತಾನೆ. ನಮ್ಮ ನುಡಿಯಲ್ಲಿ ನಂಟಿನ ಪದವೇ ಹಿರಿತನ ಕಿರಿತನವನ್ನೂ ಹೇಳಿಬಿಡುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ‘ಅತ್ತೆ’ ಎಂದರೆ ತಂದೆಯ ಅಕ್ಕತಂಗಿಯೋ, ಸೋದರಮಾವನ ಹೆಂಡತಿಯೋ, ಗಂಡನ ತಾಯಿಯೋ ಎಂದು ನೀವು ಮೊದಲೇ ನಿಶ್ಚಯಿಸಿರಬೇಕು. ವಂಶವೃಕ್ಷ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಬೆರಳಚ್ಚು:
ಹುಟ್ಟಿದ ವರ್ಷದ ಮಾತು ಚೆನ್ನಾಗಿದೆ. ತೆಗೆದುಕೊಂಡೆ.

ಅಲ್ಪವಿರಾಮ:
ಕಣ್ಣಿನ ಬಣ್ಣದ ವಿಚಾರ ಬಂದರೆ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್‌ನನ್ನು ಬಿಟ್ಟರೆ ಹೇಗೆ? ಒಂದೊಂದು ವಾಕ್ಯಕ್ಕೂ ದಿನಗಟ್ಟಲೆ ಕೂರುತ್ತಿದ್ದವನು ಎಂದು ಹೆಸರಾದವನು. ಆದರೂ ಅವನ ‘ಮದಾಮ್ ಬೊವಾರಿ’ ಕಾದಂಬರಿಯ ನಾಯಕಿ ಎಮ್ಮಾಳ ಕಣ್ಣು ಒಂದೆಡೆ ಕಂದು, ಒಂದೆಡೆ ಕಪ್ಪು, ಇನ್ನೊಂದೆಡೆ ನೀಲಿ. ಅಂಥವನಿಗೇ ತಪ್ಪಿದ ಮೇಲೆ ನಮ್ಮ ಪಾಡೇನು?

ತೆರೆದ ಪುಟ:
ಈ ಮಾತು ಎಲ್ಲೆಡೆ ಓಡಾಡುತ್ತಿದೆ, ಆದರೆ ಸರಿಯಲ್ಲ. ಆ ಕಾದಂಬರಿಯಲ್ಲಿ ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿದೆ: ಕಣ್ಣು ಕಂದು, ರೆಪ್ಪೆಗೂದಲಿನಿಂದಾಗಿ ಕಪ್ಪಾಗಿ ಕಾಣುತ್ತಿತ್ತು ಎಂದು. ಮದುವೆಯ ನಂತರ ಗಂಡ ಬೆಳಗಿನ ಬೆಳಕಿನಲ್ಲಿ ಹತ್ತಿರದಿಂದ ನೋಡುವಾಗ ನೆರಳಿನಲ್ಲಿ ಕಪ್ಪು, ಬೆಳಕಿನಲ್ಲಿ ಕಡುನೀಲಿ ಎಂದು ಬರುತ್ತದೆ. ಬಣ್ಣ ಬದಲಾಗುವುದನ್ನು ಲೇಖಕ ತಾನೇ ಎತ್ತಿ ತೋರಿಸುತ್ತಿದ್ದಾನೆ. ಮರೆತವನು ಹೀಗೆ ಬರೆಯುವುದಿಲ್ಲ. ನೋಡುವ ಕಣ್ಣು ಯಾರದ್ದು, ಯಾವ ಹೊತ್ತಿನಲ್ಲಿ ಎನ್ನುವುದರ ಮೇಲೆ ಅವಳ ಕಣ್ಣಿನ ಬಣ್ಣ ನಿಂತಿದೆ.

ಅಲ್ಪವಿರಾಮ:
ಕಂದು ಕಣ್ಣು ಯಾವ ಬೆಳಕಿನಲ್ಲೂ ನೀಲಿಯಾಗುವುದಿಲ್ಲ ಎಂಬ ಸಣ್ಣ ತಕರಾರು ನನ್ನದು ಇನ್ನೂ ಉಳಿದಿದೆ. ಆದರೂ ನೋಡುವವರು ಯಾರು ಎಂಬ ಮಾತಿಗೆ ಒಪ್ಪಿದೆ. ನನ್ನ ಕಥೆಯಲ್ಲಿ ಒಬ್ಬ ತಂದೆ ಮಗಳಿಗೆ ದಯಾಳು, ಮಗನಿಗೆ ಕ್ರೂರಿ. ಎರಡೂ ನೋಟಗಳು ನಿಜ. ಆ ತಂದೆಯನ್ನು ಒಂದೇ ಅಚ್ಚಿಗೆ ಎಳೆದರೆ ಮಗನೋ ಮಗಳೋ ಸುಳ್ಳಾಗುತ್ತಾರೆ.

ಕಂತುಗಾರ:
ಪುಸ್ತಕ ಬರೆಯುವವರಿಗೆ ಹಿಂದಕ್ಕೆ ಹೋಗಿ ತಿದ್ದುವ ಅನುಕೂಲವಿದೆ. ನಾನು ವಾರಕ್ಕೊಂದು ಕಂತು ಪ್ರಕಟಿಸುವವನು. ಹೊರಗೆ ಹೋದ ಕಂತು ಹೋಯಿತು. ಹಾಗಾಗಿ ನನ್ನ ಚಿಂತೆಯೇ ಬೇರೆ: ಓದುಗರು ತಪ್ಪು ಹಿಡಿದ ಮೇಲೆ ಏನು ಮಾಡುವುದು?

ಇದಕ್ಕೆ ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್ ತೋರಿದ ದಾರಿಯೇ ನನಗೆ ಮೆಚ್ಚು. 1605ರಲ್ಲಿ ಡಾನ್ ಕ್ವಿಕ್ಸೋಟ್‌ನ ಮೊದಲ ಭಾಗ ಬಂದಾಗ ನಾಯಕನ ಸೇವಕ ಸ್ಯಾಂಚೋನ ಕತ್ತೆ ಕಳುವಾದ ಪ್ರಸಂಗವೇ ಅದರಲ್ಲಿರಲಿಲ್ಲ. ಅವನು ಇದ್ದಕ್ಕಿದ್ದಂತೆ ಕತ್ತೆ ಹೋಯಿತೆಂದು ಗೋಳಾಡುತ್ತಾನೆ, ಮುಂದೆ ಒಂದು ಕಡೆ ಕತ್ತೆ ಮತ್ತೆ ಅವನ ಜೊತೆಗಿರುತ್ತದೆ. 1615ರ ಎರಡನೆಯ ಭಾಗದಲ್ಲಿ, ಮೊದಲ ಭಾಗವನ್ನು ಓದಿದ ಪದವೀಧರನೊಬ್ಬ ಬಂದು ಈ ಪ್ರಶ್ನೆಯನ್ನು ಸ್ಯಾಂಚೋನಿಗೇ ಕೇಳುತ್ತಾನೆ. ಕತ್ತೆ ಹೇಗೆ ಕಳುವಾಯಿತೆಂದು ವಿವರಿಸಿದ ಸ್ಯಾಂಚೋ, ಉಳಿದದ್ದಕ್ಕೆ ಕಥೆ ಬರೆದವನೋ ಅಚ್ಚು ಮಾಡಿದವನೋ ಹೊಣೆ ಎನ್ನುತ್ತಾನೆ. ಉತ್ತರವೂ ಸ್ಯಾಂಚೋನ ಬಾಯಿಗೆ ಒಪ್ಪುವಂಥದ್ದೇ. ತಪ್ಪನ್ನು ಮುಚ್ಚುವ ಕೆಲಸದಲ್ಲೂ ಪಾತ್ರ ಇನ್ನಷ್ಟು ಸ್ಪಷ್ಟವಾಯಿತು.

ಕಂತುಗಳಲ್ಲಿ ನಾನು ಇದನ್ನು ಪಾಲಿಸುತ್ತೇನೆ. ಓದುಗ ಎತ್ತಿದ ಅನುಮಾನವನ್ನು ಮುಂದಿನ ಕಂತಿನಲ್ಲಿ ಇನ್ನೊಂದು ಪಾತ್ರವೇ ಕೇಳಬೇಕು. ‘ನೀನು ಅಂದು ಹಾಗೆ ಹೇಳಿರಲಿಲ್ಲವಲ್ಲ?’ ಎಂದು. ಆಗ ಉತ್ತರ ಹುಡುಕುವ ಹೊಣೆ ಕಥೆಯೊಳಗೆ ಬರುತ್ತದೆ.

ನಡುಹಗಲು:
ಕಂತುಗಾರ ಅವರೇ, ಇದನ್ನು ಒಮ್ಮೆ ಮಾಡಿದರೆ ಚಂದ. ಪದೇ ಪದೇ ಮಾಡಿದರೆ ಪಾತ್ರಗಳೆಲ್ಲ ಲೇಖಕನ ಪರ ವಕಾಲತ್ತು ವಹಿಸಲು ನಿಂತ ಹಾಗಿರುತ್ತದೆ.

ತಕರಾರು:
ನಾನು ಇಡೀ ಚರ್ಚೆಯ ಬುಡಕ್ಕೇ ಬರುತ್ತೇನೆ. ಸ್ವಭಾವ ಒಂದೇ ತೆರನಾಗಿರಬೇಕು ಎಂದು ಹೇಳಿದವರು ಯಾರು? ನಮ್ಮ ಸುತ್ತ ಇರುವ ಜನ ಹಾಗಿದ್ದಾರೆಯೇ? ಕಚೇರಿಯಲ್ಲಿ ಹುಲಿಯಂತಿರುವವನು ಮನೆಯಲ್ಲಿ ಬಾಯಿಬಿಡುವುದಿಲ್ಲ. ಜೀವಮಾನವಿಡೀ ಜಿಪುಣನಾಗಿದ್ದವನು ಅಪರಿಚಿತನೊಬ್ಬನಿಗೆ ಕೈಯೆತ್ತಿ ಕೊಟ್ಟುಬಿಡುತ್ತಾನೆ. ಸುಸಂಗತ ಪಾತ್ರ ಎನ್ನುವುದು ಲೇಖಕರ ಅನುಕೂಲಕ್ಕೆ ಮಾಡಿಕೊಂಡ ಕಟ್ಟು. ಮುಂಗಾರು ಅವರೇ, ನಿಮ್ಮ ವಸುಧಾ ಕೂಗಲಿ ಬಿಡಿ. ಗೆಳತಿಯ ಮಾತು ಕೇಳಿ ಅವಳ ಬಾಯಿ ಮುಚ್ಚಿಸಬೇಡಿ.

ಸಂಜೆಗಣ್ಣು:
ತಕರಾರು ಅವರ ಆಕ್ಷೇಪಕ್ಕೆ ಅರಿಸ್ಟಾಟಲ್ ಕಾವ್ಯಮೀಮಾಂಸೆಯ ಹದಿನೈದನೆಯ ಅಧ್ಯಾಯದಲ್ಲಿ ಉತ್ತರ ಕೊಟ್ಟಾಗಿದೆ. ಪಾತ್ರಕ್ಕೆ ಇರಬೇಕಾದ ನಾಲ್ಕು ಗುಣಗಳಲ್ಲಿ ಕೊನೆಯದು ಸುಸಂಗತಿ. ಅನುಕರಿಸುವ ವ್ಯಕ್ತಿಯೇ ಅಸಂಗತನಾಗಿದ್ದರೂ ಆ ಅಸಂಗತಿಯನ್ನು ಸುಸಂಗತವಾಗಿ ತೋರಿಸಬೇಕು ಎನ್ನುತ್ತಾನೆ. ನೀವು ಹೇಳಿದ ಜಿಪುಣ ಅಪರಿಚಿತನಿಗೆ ಕೊಡಬಹುದು. ಹಾಗಾದರೆ ಅವನು ಹತ್ತಿರದವರಿಗೆ ಕೊಡದೆ ಅಪರಿಚಿತರಿಗೆ ಮಾತ್ರ ಏಕೆ ಕೊಡುತ್ತಾನೆ ಎನ್ನುವುದು ಲೇಖಕನಿಗೆ ಗೊತ್ತಿರಬೇಕು. ಗೊತ್ತಿದ್ದರೆ ಅದು ಮತ್ತೆ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಅದೊಂದು ಒಂಟಿ ಘಟನೆಯಾಗಿ ನಿಲ್ಲುತ್ತದೆ.

ನಮ್ಮ ಕಡೆಯ ಮೀಮಾಂಸಕರೂ ಇದನ್ನು ಬಿಟ್ಟಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ, ಅಂದರೆ ಓದಿನ ಸವಿ ಮುರಿಯುವುದಕ್ಕೆ, ಬೇರೆ ಕಾರಣವೇ ಇಲ್ಲ ಎಂದ. ಪಾತ್ರದ ಪ್ರಕೃತಿಗೆ ಒಪ್ಪದ ಭಾವವನ್ನು ಅದಕ್ಕೆ ಹೊರಿಸುವುದೂ ಅವನ ಲೆಕ್ಕದಲ್ಲಿ ಅನೌಚಿತ್ಯವೇ. ಮುಂಗಾರು ಅವರ ಗೆಳತಿಗೆ ಆ ಪುಟದಲ್ಲಿ ಆದದ್ದು ಇದೇ ರಸಭಂಗ. ಆಕೆಯ ಅನುಭವ ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ವಸುಧಾ ಮಾತನಾಡಿದ್ದೋ ಅಥವಾ ಮಾತನಾಡಿದ ರೀತಿಯೋ ಎಂದು ನೋಡಬೇಕು.

ತಕರಾರು:
ಔಚಿತ್ಯದ ಹೆಸರಿನಲ್ಲಿ ‘ಅರಸ ಹೀಗೇ ಇರಬೇಕು, ಆಳು ಹೀಗೇ ಇರಬೇಕು’ ಎಂದು ಕಟ್ಟಳೆ ಹಾಕಿದ್ದೂ ಅದೇ ಪರಂಪರೆ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂದು ನಾಯಕರನ್ನು ನಾಲ್ಕು ಬಗೆಗೆ ಇಳಿಸಿದರೆ ಅದು ಸುಸಂಗತಿಯಲ್ಲ, ಸಿದ್ಧ ಅಚ್ಚು.

ಹಳೆಯ ಓದುಗ:
ಅಚ್ಚಿನಿಂದಲೂ ಜೀವಂತ ಪಾತ್ರ ಬರಬಹುದು. ಪಂಪ 941ರ ತನ್ನ ಭಾರತದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಣವನ್ನು ಎತ್ತಿ ಹೇಳುತ್ತಾನೆ. ಛಲಕ್ಕೆ ದುರ್ಯೋಧನ, ನನ್ನಿಗೆ (ಸತ್ಯಕ್ಕೆ) ಕರ್ಣ, ಸಾಹಸಕ್ಕೆ ಅರ್ಜುನ, ಧರ್ಮಕ್ಕೆ ಧರ್ಮಪುತ್ರ. ಒಂದೇ ಗುಣವಾದರೆ ಪಾತ್ರ ತೆಳುವಾಗಬೇಕಿತ್ತಲ್ಲವೇ? ಆಗಲಿಲ್ಲ. ಅದೇ ಛಲ ದುರ್ಯೋಧನನಿಂದ ಪಾಂಡವರಿಗೆ ಪಾಲು ಕೊಡಿಸದೆ ಹೋಗುತ್ತದೆ, ಅದೇ ಛಲ ಎಲ್ಲರನ್ನೂ ಕಳೆದುಕೊಂಡ ಮೇಲೂ ಅವನನ್ನು ಸಂಧಿಗೆ ಬಗ್ಗದಂತೆ ನಿಲ್ಲಿಸುತ್ತದೆ. ಮೊದಲ ಕಡೆ ನಮಗೆ ಅವನ ಮೇಲೆ ಸಿಟ್ಟು ಬರುತ್ತದೆ, ಎರಡನೆಯ ಕಡೆ ಗೌರವ. ಗುಣ ಬದಲಾಗಲಿಲ್ಲ, ಸನ್ನಿವೇಶ ಬದಲಾಯಿತು.

ನಾನು ಮೊದಲು ವಿವರ ಮುಖ್ಯವಲ್ಲ ಎಂದಿದ್ದು ಇದಕ್ಕೇ. ಗುಣ ಗಟ್ಟಿಯಾಗಿದ್ದರೆ ಉಳಿದದ್ದು ನಿಭಾಯಿಸಿಕೊಳ್ಳುತ್ತದೆ.

ಕರಡು ತಿದ್ದುವವಳು:
ಈಗ ಮಾತು ದಾರಿಗೆ ಬಂತು. ಮುಂಗಾರು ಅವರೇ, ಆ ದೃಶ್ಯದಲ್ಲಿ ವಸುಧಾ ಹೇಳುವ ಮಾತುಗಳನ್ನು ಇಲ್ಲಿ ಹಾಕುತ್ತೀರಾ? ಮೊದಲ ಭಾಗದಲ್ಲಿ ಅವಳು ಯಾವುದಾದರೂ ಒಂದಕ್ಕೆ ಮನಸ್ಸಿಲ್ಲದೆ ಒಪ್ಪುವ ಕಡೆಯ ಮಾತೂ ಬೇಕು. ಎರಡನ್ನೂ ನೋಡದೆ ನಾವು ಗಾಳಿಯಲ್ಲಿ ಗುದ್ದಾಡುತ್ತಿದ್ದೇವೆ.

ಮುಂಗಾರು:
ಹಾಕುತ್ತೇನೆ. ಆರನೆಯ ಅಧ್ಯಾಯದಲ್ಲಿ ಅಣ್ಣ ಅವಳ ಓದು ನಿಲ್ಲಿಸುವ ಮಾತೆತ್ತುತ್ತಾನೆ:

‘ಈ ವರ್ಷ ಕಾಲೇಜು ಬೇಡ. ಮುಂದಿನ ವರ್ಷ ನೋಡೋಣ’ ಎಂದ.
ವಸುಧಾ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, ‘ಶುಲ್ಕ ಕಟ್ಟಲು ಕೊನೆಯ ದಿನ ಹದಿನಾಲ್ಕು’ ಎಂದಳು.
‘ಕಟ್ಟುವುದು ಬೇಡ ಎಂದೆನಲ್ಲ.’
‘ಹೂಂ. ದಿನ ಹೇಳಿದೆ ಅಷ್ಟೇ.’

31ನೆಯ ಅಧ್ಯಾಯದಲ್ಲಿ:

‘ಸಾಕು, ನಿಲ್ಲಿಸು!’ ವಸುಧಾ ಕಿರುಚಿದಳು. ‘ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡು ಬಂದೆ. ಈ ಮನೆಯಲ್ಲಿ ನನಗೆ ಬೆಲೆಯೇ ಇಲ್ಲವೇ? ನಾನೂ ಮನುಷ್ಯಳಲ್ಲವೇ? ಇನ್ನು ನಾನು ಸುಮ್ಮನಿರುವುದಿಲ್ಲ!’

ಕರಡು ತಿದ್ದುವವಳು:
ಆರನೆಯ ಅಧ್ಯಾಯದ ಮಾತು ಬಹಳ ಒಳ್ಳೆಯದು. ಅಲ್ಲಿ ಅವಳು ಮೂಕಿಯಲ್ಲ, ಗಮನಿಸಿದಿರಾ? ಅವಳು ಪ್ರತಿಭಟಿಸುತ್ತಿದ್ದಾಳೆ. ತನ್ನ ಬಗ್ಗೆ ಒಂದು ಮಾತೂ ಆಡದೆ ಒಂದು ದಿನಾಂಕವನ್ನು ಮುಂದಿಡುತ್ತಾಳೆ. ಅವಳ ಆಯುಧ ಲೆಕ್ಕ. ‘ದಿನ ಹೇಳಿದೆ ಅಷ್ಟೇ’ ಎನ್ನುವಾಗ ಅಣ್ಣನಿಗೆ ಮುಂದೆ ನೆನಪಿಸುವೆ ಎಂಬ ಬೆದರಿಕೆ ಕೂಡ ಅದರೊಳಗಿದೆ.

31ರಲ್ಲಿ ಕಿರುಚುವವಳು ಯಾರು ಬೇಕಾದರೂ ಆಗಬಹುದು. ‘ನನಗೆ ಬೆಲೆಯೇ ಇಲ್ಲವೇ, ನಾನೂ ಮನುಷ್ಯಳಲ್ಲವೇ’ ಎನ್ನುವುದು ಸಿಟ್ಟು ಬಂದ ಎಲ್ಲ ಪಾತ್ರಗಳಿಗೂ ಸಲ್ಲುವ ಮಾತು. ಗೆಳತಿ ‘ಇವಳು ವಸುಧಾ ಅಲ್ಲ’ ಎಂದದ್ದು ಅವಳು ಎದುರು ಮಾತನಾಡಿದಳು ಎಂದಲ್ಲ. ಅವಳ ಬಾಯಿಂದ ಅವಳದಲ್ಲದ ಮಾತು ಬಂತು ಎಂದು.

22 ವರ್ಷ ಲೆಕ್ಕ ಇಟ್ಟವಳು ಆ ದಿನ ಸ್ಫೋಟಗೊಂಡರೆ ಹೇಗಿರುತ್ತದೆ ಎಂದು ಯೋಚಿಸಿ. ಪುಸ್ತಕ ತೆರೆಯುತ್ತಾಳೆ. ಒಂದೊಂದೇ ದಿನಾಂಕ ಓದುತ್ತಾಳೆ. ಯಾವ ದಿನ ಅಣ್ಣ ಎಷ್ಟು ತೆಗೆದ, ಯಾವ ದಿನ ತಂದೆಯ ಔಷಧಿಗೆ ಯಾರು ಕೊಟ್ಟರು. ಕೊನೆಗೆ ಕಾಲೇಜು ಶುಲ್ಕದ ಆ ಹದಿನಾಲ್ಕನೆಯ ತಾರೀಖು, ಅದರ ಎದುರು ಖಾಲಿ ಬಿಟ್ಟ ಅಂಕಣ. ದನಿ ಏರಿಸಬೇಕಾಗಿಲ್ಲ. ಅವಳು ಬದಲಾದದ್ದು ಪೂರ್ತಿಯಾಗಿ ಕಾಣುತ್ತದೆ, ಅವಳು ವಸುಧಾ ಆಗಿಯೂ ಉಳಿಯುತ್ತಾಳೆ.

ಅಲ್ಪವಿರಾಮ:
ಖಾಲಿ ಬಿಟ್ಟ ಅಂಕಣ! ಮುಂಗಾರು ಅವರೇ, ದಯವಿಟ್ಟು ಇದನ್ನು ಬರೆಯಿರಿ.

ತಕರಾರು:
ದೃಶ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇದು ತೀರ ಹದವಾಗಿಬಿಟ್ಟಿದೆ ಎಂಬ ಅನುಮಾನ ನನ್ನದು. ಸಿಟ್ಟು ನೆತ್ತಿಗೇರಿದಾಗ ಯಾರೂ ತಮ್ಮದೇ ಆದ ಮಾತಿಗೆ ಹುಡುಕುವುದಿಲ್ಲ, ಎಲ್ಲರೂ ಬಳಸಿದ ಮಾತನ್ನೇ ಬಳಸುತ್ತಾರೆ. ಅವಳು ಮೊದಲು ಲೆಕ್ಕ ಓದಲಿ, ಅಣ್ಣ ನಕ್ಕು ತಳ್ಳಿಹಾಕಲಿ, ಆಮೇಲೆ ಕಿರುಚಲಿ. ತನ್ನ ಆಯುಧ ಸೋತ ಮೇಲೆ ಬಂದ ಕಿರುಚಾಟ ಅದು. ಆಗ ಅದೇ ಸವಕಲು ಮಾತುಗಳೂ ಸಹಜವಾಗುತ್ತವೆ.

ಕರಡು ತಿದ್ದುವವಳು:
ತಕರಾರು ಅವರೇ, ಇದು ನನ್ನ ಸಲಹೆಗಿಂತ ಗಟ್ಟಿಯಾಗಿದೆ. ಒಂದು ಪಾತ್ರ ತನ್ನ ರೂಢಿಯ ಉಪಾಯ ಕೈಕೊಟ್ಟ ಮೇಲೆಯೇ ಬೇರೆ ಉಪಾಯಕ್ಕೆ ಕೈಹಾಕುತ್ತದೆ. ಆ ಕೈಕೊಡುವ ಕ್ಷಣವನ್ನು ಓದುಗ ಕಣ್ಣಾರೆ ಕಾಣಬೇಕು. ಕರಡುಗಳಲ್ಲಿ ಬಿಟ್ಟುಹೋಗಿರುವುದು ಸಾಮಾನ್ಯವಾಗಿ ಅದೇ.

ಸಂಜೆಗಣ್ಣು:
ಇದಕ್ಕೆ ಒಂದು ಸೇರಿಸುತ್ತೇನೆ. 6ಕ್ಕೂ 31ಕ್ಕೂ ನಡುವೆ ಅವಳು ಎಲ್ಲಾದರೂ ಒಮ್ಮೆ ಅರ್ಧ ಹೆಜ್ಜೆ ಮುಂದಿಟ್ಟಿದ್ದಾಳೆಯೇ? ಒಂದು ಸಣ್ಣ ಸುಳ್ಳು, ಬಚ್ಚಿಟ್ಟ ಒಂದು ರಸೀದಿ, ಅಣ್ಣನ ಸಹಿಗೆ ಮುನ್ನ ‘ಓದಿ ಹಾಕು’ ಎಂಬ ಒಂದು ಮಾತು? ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರ್ 1927ರ ಉಪನ್ಯಾಸಗಳಲ್ಲಿ ದುಂಡಗಿನ, ಅಂದರೆ ಹಲವು ಮುಖಗಳುಳ್ಳ, ಪಾತ್ರಕ್ಕೆ ಇಟ್ಟ ಪರೀಕ್ಷೆ ನಮ್ಮನ್ನು ಅಚ್ಚರಿಗೊಳಿಸಬೇಕು, ಆದರೆ ನಂಬುವಂತೆ ಎಂಬುದು. ನಂಬಿಕೆ ಬರುವುದು ಇಂಥ ಅರ್ಧ ಹೆಜ್ಜೆಗಳಿಂದ. ಬೀಜ ಬಿತ್ತದ ಕಡೆ ಮೊಳಕೆ ತೋರಿಸಲಾಗದು.

ಮುಂಗಾರು:
19ನೆಯ ಅಧ್ಯಾಯದಲ್ಲಿ ಅವಳು ಅಣ್ಣನಿಗೆ ಹೇಳದೆ ಬ್ಯಾಂಕಿನ ಪಾಸ್‌ಬುಕ್ಕನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಅದನ್ನು ಮತ್ತೆ ಎತ್ತಿಕೊಳ್ಳಬಹುದು. ಲೆಕ್ಕದ ಪುಸ್ತಕ ಕೂಡ 12ರ ನಂತರ ಕಥೆಯಲ್ಲಿ ಕಾಣಿಸುವುದೇ ಇಲ್ಲ, ಅದನ್ನೂ ನಡುವೆ ತರಬೇಕು. ಗೆಳತಿ ಹೇಳಿದ್ದು ಸರಿ, ತಕರಾರು ಅವರು ಹೇಳಿದ್ದೂ ಸರಿ ಎನ್ನುವಂತಾಗಿದೆ.

ಗ್ರೀಷ್ಮ:
ತಡವಾಗಿ ಬಂದೆ. ವಸುಧಾ ಅಣ್ಣನನ್ನು ‘ನೀನು’ ಎನ್ನುತ್ತಾಳಲ್ಲ, ಆ ದೃಶ್ಯದಲ್ಲಿ ಅವಳು ‘ನೀವು’ ಎಂದುಬಿಟ್ಟರೆ? ಜೀವಮಾನವಿಡೀ ಏಕವಚನದಲ್ಲಿ ಕರೆದವನನ್ನು ಪಾಲಿನ ದಿನ ಬಹುವಚನದಲ್ಲಿ ಕರೆದರೆ, ಅಲ್ಲಿಗೆ ಅವನು ಪರಕೀಯನಾದ.

ನಡುಹಗಲು:
ಸ್ವಲ್ಪ ನಾಟಕೀಯ. ಆದರೂ ಇದು ಕೆಲಸ ಮಾಡಬೇಕಾದರೆ ಹಿಂದಿನ ಮೂವತ್ತು ಅಧ್ಯಾಯಗಳಲ್ಲಿ ಒಂದೇ ಒಂದು ಕಡೆಯೂ ‘ನೀವು’ ನುಸುಳಿರಬಾರದು. ಒಂದು ಕಡೆ ನುಸುಳಿದ್ದರೂ ಓದುಗ ಇದನ್ನು ಅಚ್ಚಿನ ದೋಷ ಎಂದುಕೊಳ್ಳುತ್ತಾನೆ. ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’ ಎಂದು ಒಂದು ಚೌಕಪಟ್ಟಿ ಮಾಡಿಕೊಂಡಿರಬೇಕು. ಅಡ್ಡಸಾಲಿನಲ್ಲಿ ಮಾತನಾಡುವವರು, ಉದ್ದಸಾಲಿನಲ್ಲಿ ಕೇಳುವವರು. ಎಂಟು ಪಾತ್ರಗಳಿದ್ದರೆ 56 ಮನೆ ತುಂಬಬೇಕು, ಏಕೆಂದರೆ ಅಣ್ಣ ತಂಗಿಗೆ ಹೇಳುವುದೂ ತಂಗಿ ಅಣ್ಣನಿಗೆ ಹೇಳುವುದೂ ಬೇರೆ ಬೇರೆಯಾಗಿರಬಹುದು.

ಗ್ರೀಷ್ಮ:
ಹಾಗಾದರೆ ನಿರೂಪಕನ ವಿಷಯವನ್ನೂ ಹೇಳಿ. ನನ್ನ ಕಥೆಯ ಮೊದಲ ಪುಟದಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನು ಕೊನೆಯ ಭಾಗದಲ್ಲಿ ಎಪ್ಪತ್ತರ ಮುದುಕ. ಹುಡುಗನಿಗೆ ‘ಅವನು ಬಂದನು’ ಎಂದು ಬರೆದೆ. ಮುದುಕನಿಗೆ ‘ಅವರು ಬಂದರು’ ಎನ್ನಬೇಕೇ? ಹಾಗೆ ಬರೆದರೆ ಬೇರೆ ಯಾರೋ ಬಂದಂತೆ ಅನಿಸುತ್ತದೆ. ‘ಅವನು’ ಎಂದರೆ ಹಿರಿಯರಿಗೆ ಅಗೌರವ ತೋರಿದಂತೆ ಕಾಣುತ್ತದೆ.

ಹಳೆಯ ಓದುಗ:
‘ಅವನು’ ಎಂದೇ ಇರಲಿ. ನಿರೂಪಕ ಅವನನ್ನು ಬಾಲ್ಯದಿಂದ ಬಲ್ಲವನು, ಆ ಸಲುಗೆ ಕೊನೆಯವರೆಗೆ ಉಳಿಯಲಿ.

ತೆರೆದ ಪುಟ:
ನನಗೆ ಹಾಗನ್ನಿಸುವುದಿಲ್ಲ. ಕೊನೆಯ ಭಾಗ ಮೊಮ್ಮಗಳ ಕಣ್ಣಿನಿಂದ ನಡೆಯುತ್ತಿದ್ದರೆ ‘ಅವರು’ ಎನ್ನುವುದೇ ಸರಿ. ಅವಳು ಅಜ್ಜನನ್ನು ‘ಅವನು’ ಎಂದುಕೊಳ್ಳುವುದಿಲ್ಲ. ನೋಟ ಬದಲಾದಾಗ ವಚನ ಬದಲಾಗಲಿ, ವಯಸ್ಸಾಯಿತೆಂದು ಬದಲಾಗುವುದು ಬೇಡ. ನಿರೂಪಕ ಒಬ್ಬನೇ ಆಗಿದ್ದರೆ ಹಳೆಯ ಓದುಗ ಅವರು ಹೇಳಿದಂತೆ ಮಾಡಿ. ಯಾವುದನ್ನೇ ಆರಿಸಿದರೂ ಅಧ್ಯಾಯದ ನಡುವೆ ಹಾರಬೇಡಿ.

ಗ್ರೀಷ್ಮ:
ಕೊನೆಯ ಭಾಗ ಮೊಮ್ಮಗಳದ್ದೇ. ಹಾಗಾದರೆ ‘ಅವರು’. ಧನ್ಯವಾದಗಳು.

ಕಂತುಗಾರ:
ನಿಮ್ಮ ಟಿಪ್ಪಣಿಗಳ ಗಾತ್ರ ನೋಡಿ ಒಂದು ಮಾತು. ಫ್ರೆಂಚ್ ಕಾದಂಬರಿಕಾರ ಜೋಲಾ ತನ್ನ ರುಗೋನ್-ಮಕಾರ್ ಮಾಲೆಯ 20 ಕಾದಂಬರಿಗಳಿಗೆ ವಂಶವೃಕ್ಷ ಬರೆದಿಟ್ಟುಕೊಂಡು, ಪ್ರತಿ ಕಾದಂಬರಿಗೂ ಕಡತ ಮಾಡಿ, ಪಾತ್ರಕ್ಕೊಂದು ಹಾಳೆ ಇಟ್ಟು 1871ರಿಂದ 1893ರವರೆಗೆ ಮಾಲೆಯನ್ನು ಮುಗಿಸಿದ. ಇಪ್ಪತ್ತು ಪುಸ್ತಕಕ್ಕೆ ಅದು ಬೇಕು. ಒಂದೇ ಪುಸ್ತಕ ಬರೆಯುವವರು ಕಡತವನ್ನೇ ಬರೆಯುತ್ತ ಕೂತರೆ ಕಥೆ ಮುಂದಕ್ಕೆ ಹೋಗದು. ಟಿಪ್ಪಣಿ ತಿದ್ದುವುದು ಬರವಣಿಗೆಯ ಹಾಗೆಯೇ ಅನಿಸುತ್ತದೆ, ಅದೇ ಅಪಾಯ.

ಬೆರಳಚ್ಚು:
ಒಂದು ತಾಂತ್ರಿಕ ಸಲಹೆ. ಕಂಪ್ಯೂಟರಿನಲ್ಲಿ ಬರೆಯುವವರು ಹೆಸರನ್ನು ಹುಡುಕಿ ನೋಡುತ್ತೀರಲ್ಲ, ಪೂರ್ತಿ ಹೆಸರು ಕೊಡಬೇಡಿ. ‘ವಸುಧಾ’ ಎಂದು ಹುಡುಕಿದರೆ ‘ವಸುಧೆಗೆ’, ‘ವಸುಧೆಯ’ ಎಂದು ಬರೆದ ಕಡೆಗಳು ಸಿಗುವುದಿಲ್ಲ. ‘ವಸು’ ಎಂದಷ್ಟೇ ಕೊಡಿ. ಹೀಗೆ ಹುಡುಕಿದಾಗಲೇ ಒಂದು ಅಧ್ಯಾಯದಲ್ಲಿ ‘ವಸುಧಾಳಿಗೆ’ ಇನ್ನೊಂದರಲ್ಲಿ ‘ವಸುಧೆಗೆ’ ಎಂದಿರುವುದು ಹೊರಬೀಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಇಡಿ. ಹೆಸರಿನ ನಡುವೆ ವ್ಯಂಜನ ಅರ್ಧಕ್ಕೆ ನಿಲ್ಲುವ ಹೆಸರುಗಳಲ್ಲಿ ಇನ್ನೂ ಎಚ್ಚರ ಬೇಕು. ಒತ್ತಕ್ಷರವಾಗದಂತೆ ತಡೆಯಲು ನಡುವೆ ಹಾಕುವ, ಕಣ್ಣಿಗೆ ಕಾಣದ ಚಿಹ್ನೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಾಟ ಅದನ್ನು ಬೇರೆ ಹೆಸರೆಂದೇ ತಿಳಿಯಬಹುದು.

ನಡುಹಗಲು:
ಇದರ ಜೊತೆಗೆ ನಾನು ಮಾಡುವ ಇನ್ನೊಂದು ಕೆಲಸ: ಒಂದು ಪಾತ್ರದ ಸಂಭಾಷಣೆಯನ್ನಷ್ಟೇ ಮೊದಲಿಂದ ಕೊನೆಯವರೆಗೆ ಬೇರೆ ಕಡತಕ್ಕೆ ಎತ್ತಿ ಗಟ್ಟಿಯಾಗಿ ಓದುವುದು. ನಿರೂಪಣೆ ಇಲ್ಲದಾಗ ದನಿ ಎಲ್ಲಿ ಜಾರಿದೆ ಎಂದು ಕಿವಿಗೆ ತಕ್ಷಣ ತಿಳಿಯುತ್ತದೆ. ಮಾತಿನ ಉದ್ದ, ಪ್ರಶ್ನೆ ಕೇಳುವ ಅಭ್ಯಾಸ, ಯಾವುದರ ಬಗ್ಗೆ ಮಾತು ತಪ್ಪಿಸುತ್ತದೆ ಎನ್ನುವುದು ಎಲ್ಲವೂ.

ಮುಂಗಾರು:
ನಡುಹಗಲು ಅವರೇ, ಅಣ್ಣನ ಸಂಭಾಷಣೆಗೂ ಹೀಗೆ ಮಾಡಬೇಕು ಎಂದು ಈಗ ಅನಿಸುತ್ತಿದೆ. ಇಷ್ಟು ಹೊತ್ತು ವಸುಧಾ ಬಗ್ಗೆಯೇ ಯೋಚಿಸಿದೆ. ಅವನು ನಕ್ಕು ತಳ್ಳಿಹಾಕಬೇಕಾದರೆ, ಆ ನಗು ಅವನದ್ದೇ ಆಗಿರಬೇಕಲ್ಲ.

ಕರಡು ತಿದ್ದುವವಳು:
ಹೌದು, ಆರನೆಯ ಅಧ್ಯಾಯದಲ್ಲಿ ಅವನು ನಗುವವನಲ್ಲ, ಮುಂದಕ್ಕೆ ಹಾಕುವವನು. ‘ಮುಂದಿನ ವರ್ಷ ನೋಡೋಣ’ ಎಂದವನು. 31ರಲ್ಲೂ ಅವನು ಪುಸ್ತಕ ಮುಚ್ಚಿ, ‘ಇದನ್ನೆಲ್ಲ ಆಮೇಲೆ ನೋಡೋಣ’ ಎನ್ನಲಿ. ವಸುಧಾಳನ್ನು ಕೆರಳಿಸಲು ಅಷ್ಟು ಸಾಕು.